ಬೈಪಾಸ್ ಬಿಟ್ಟು ಊರೊಳಗೆ ಬನ್ನಿ: ಚನ್ನಪಟ್ಟಣದ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಯಾವುದೋ ಮಾತಿಗೆ ಚನ್ನಪಟ್ಟಣದ ಹೆಸರು ಎತ್ತಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. "ಈ ಸಲ ನಿಮ್ಮೂರಿಗೇ ಪುಟ ಬಿಟ್ಟಿದ್ದೇವೆ, ಬರೆದುಬಿಡಿ" ಎಂದರು ಸಂಪಾದಕರು. ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಕೆಲಸ ಮಾಡಿ ನಿವೃತ್ತಳಾಗಿದ್ದು ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ. ಇಲ್ಲಿಯ ಬೊಂಬೆಗಳನ್ನು ತಕ್ಕಡಿಗೆ ಹಾಕಿ ಊರೂರಿಗೆ ಕಳಿಸಿದವಳು. ಆದ್ದರಿಂದ ಉತ್ತರದಲ್ಲಿ ಊರಿನ ಪಕ್ಷಪಾತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಹೊಟ್ಟೆಗೆ ಹಾಕಿಕೊಳ್ಳಿ.

*

ಪ್ರಶ್ನೆ: ನಾವು ಮೈಸೂರಿನವರು, ಬೆಂಗಳೂರಿಗೆ ಆಗಾಗ ಓಡಾಡುತ್ತೇವೆ. ಮೊದಲು ಬಸ್ಸಿನ ಕಿಟಕಿಯಿಂದ ಬೊಂಬೆ ಅಂಗಡಿಗಳಾದರೂ ಕಾಣುತ್ತಿದ್ದವು. ಈಗ ಊರೇ ಕಾಣುವುದಿಲ್ಲ. ಅಂಗಡಿ ಬಿಟ್ಟರೆ ಅಲ್ಲಿ ಇಳಿದು ನೋಡುವಂಥದ್ದು ಏನಿದೆ?
(ಮೈಸೂರಿನ ಓದುಗರು)

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ನಮ್ಮೂರಿನ ಕಷ್ಟವೂ ಇದೆ ಸ್ವಾಮಿ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಈ ಊರಿಗೆ ರಸ್ತೆಯೇ ಅನ್ನದಾತ. ಮೈಸೂರು ಬಸ್ಸು ಇಲ್ಲಿ ನಿಲ್ಲುತ್ತಿತ್ತು. ಕಿಟಕಿ ಪಕ್ಕ ಕೂತ ಮಗು ಹಠ ಹಿಡಿಯುತ್ತಿತ್ತು. ಅಪ್ಪ ಬೈದುಕೊಂಡೇ ಇಳಿದು ಒಂದು ಮರದ ಕುದುರೆ ತರುತ್ತಿದ್ದರು. ಅರ್ಧ ವ್ಯಾಪಾರ ಮಕ್ಕಳ ಹಠದಿಂದಲೇ ನಡೆಯುತ್ತಿತ್ತು ಅಂದರೆ ತಪ್ಪಲ್ಲ.

2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾಯಿತು. ಅದು ರಾಮನಗರವನ್ನೂ ಚನ್ನಪಟ್ಟಣವನ್ನೂ ಬಳಸಿಕೊಂಡು ಆಚೆಯಿಂದಲೇ ಹೋಗುತ್ತದೆ. ಹಳೇ ರಸ್ತೆಯ ಅಂಗಡಿಗಳಿಗೆ ಗಿರಾಕಿ ಇಲ್ಲದಂತಾಯಿತು. ಕೆಲವರು ಬಾಗಿಲು ಹಾಕಿದರು, ಕೆಲವರು ಬೇರೆ ದಾರಿ ನೋಡಿಕೊಂಡರು. ನ್ಯಾಯವಾಗಿ ಹೇಳುವುದಾದರೆ ಒಂದು ಉಪಕಾರವೂ ಆಗಿದೆ. ಮೊದಲು ನಮ್ಮ ಬೀದಿಯ ಅಜ್ಜಿಯರು ಆ ರಸ್ತೆ ದಾಟಬೇಕಾದರೆ ಮೊಮ್ಮಗನ ಕೈ ಹಿಡಿದು ದೇವರಿಗೆ ಹರಕೆ ಹೊತ್ತುಕೊಳ್ಳುತ್ತಿದ್ದರು. ಈಗ ಹಾಲು ತರಲು ಒಬ್ಬರೇ ಹೋಗಿಬರುತ್ತಾರೆ.

ನೋಡುವುದಕ್ಕೆ ಒಂದು ದಿನ ಪೂರ್ತಿ ಬೇಕು. ನೀವು ಮೈಸೂರು ಕಡೆಯಿಂದ ಬರುವವರಾದ್ದರಿಂದ ಮದ್ದೂರಿನ ಹತ್ತಿರ ಹಳೇ ರಸ್ತೆ ಹಿಡಿಯಿರಿ. ಮೊದಲು ಸಿಗುವುದು ದೊಡ್ಡಮಳೂರು. ಬೆಳಗಿನ ಹೊತ್ತು ಅಲ್ಲಿ ದೇವರ ದರ್ಶನ. ಆಮೇಲೆ ಊರೊಳಗೆ ಬಂದು ಕೋಟೆ, ಪೇಟೆ, ಲೇತ್, ಅಂದರೆ ಮರ ತಿರುಗಿಸಿ ಕೆತ್ತುವ ಯಂತ್ರದ ಕೆಲಸ ನಡೆಯುವ ಬೀದಿಗಳು. ಹೊಟ್ಟೆ ತುಂಬಿದ ಮೇಲೆ ರಾಮನಗರದ ಕಡೆ ಹೊರಟರೆ ಕೆಂಗಲ್ ಆಂಜನೇಯ ಸಿಗುತ್ತಾನೆ. ಅಲ್ಲಿ ಸಂಕ್ರಾಂತಿ ಹೊತ್ತಿಗೆ ನಡೆಯುವ ದನಗಳ ಜಾತ್ರೆ ಹೆಸರುವಾಸಿ. ಅದರಾಚೆ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಊರೂರು ಸುತ್ತಿ ಕೂಡಿಹಾಕಿದ ನೇಗಿಲು, ಒನಕೆ, ತೊಗಲು ಬೊಂಬೆ, ವಾದ್ಯ, ಎಲ್ಲ ಅಲ್ಲಿವೆ. ನಿಮ್ಮ ಜೊತೆ ವಯಸ್ಸಾದವರಿದ್ದರೆ ಜಾನಪದ ಲೋಕಕ್ಕೆ ಹೊತ್ತು ಜಾಸ್ತಿ ಇಟ್ಟುಕೊಳ್ಳಿ. "ಇದು ನಮ್ಮನೇಲಿತ್ತು, ಅದು ನಮ್ಮ ಅತ್ತೆ ಮನೇಲಿತ್ತು" ಅಂತ ಅವರು ಒಂದೊಂದರ ಮುಂದೆಯೂ ನಿಂತುಬಿಡುತ್ತಾರೆ, ಕದಲುವುದಿಲ್ಲ.

*

ಪ್ರಶ್ನೆ: ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಬೊಂಬೆ ಮಾಡುವುದನ್ನು ಕಲಿಸಿದ ಎಂದು ಎಲ್ಲೆಡೆ ಓದುತ್ತೇವೆ. ಅದು ನಿಜವೇ? ಅದಕ್ಕೆ ಮೊದಲು ಚನ್ನಪಟ್ಟಣ ಅನ್ನೋ ಊರು ಇತ್ತೇ?
(ಹಾಸನದ ಓದುಗರು, ನಿವೃತ್ತ ಅಧಿಕಾರಿ)

ಉತ್ತರ: ಇತ್ತು, ಚೆನ್ನಾಗಿಯೇ ಇತ್ತು. ಎಲ್ಲರೂ ಕಥೆಯನ್ನು ಟಿಪ್ಪುವಿನಿಂದ ಶುರು ಮಾಡುವುದರಿಂದ ಅದಕ್ಕೆ ಹಿಂದಿನ 200 ವರ್ಷ ಸುಮ್ನೆ ಕಾಣೆಯಾಗಿಬಿಡುತ್ತದೆ.

ತಾಳೀಕೋಟೆ ಯುದ್ಧದಲ್ಲಿ ಸೋತ ಮೇಲೆ ವಿಜಯನಗರದ ಅರಸರು ಪೆನುಕೊಂಡೆಗೆ ಬಂದು ನೆಲೆಸಿದರು. 1577ರಲ್ಲಿ ಬಿಜಾಪುರದ ಸೈನ್ಯ ಅಲ್ಲಿಗೂ ಮುತ್ತಿಗೆ ಹಾಕಿತು. ಆಗ ಕೋಟೆ ಉಳಿಸಿಕೊಟ್ಟವನು ಜಗದೇವರಾಯ. ಅದರ ಮೆಚ್ಚುಗೆಗೆ ಅವನಿಗೆ ದೊಡ್ಡ ಸೀಮೆಯೇ ಸಿಕ್ಕಿತು. ಈಗಿನ ಕೃಷ್ಣಗಿರಿ, ಧರ್ಮಪುರಿ ಕಡೆಯ ಬಾರಾಮಹಲ್ ಕೂಡ ಅದರಲ್ಲಿತ್ತು. ಅವನು ರಾಜಧಾನಿ ಮಾಡಿಕೊಂಡಿದ್ದು ನಮ್ಮ ಚನ್ನಪಟ್ಟಣವನ್ನು. 1580ರ ಸುಮಾರಿಗೆ ಇಲ್ಲಿ ಕೋಟೆ ಎದ್ದಿತು. ರಾಜಧಾನಿಯ ಪಕ್ಕದೂರು ಎಂದು ನಮ್ಮನ್ನು ಕರೆಯುತ್ತಾರಲ್ಲ, ಒಂದು ಕಾಲಕ್ಕೆ ಇದೇ ರಾಜಧಾನಿ! ಅವನ ವಂಶದವರ ಆಳ್ವಿಕೆ 1630ರವರೆಗೆ ನಡೆಯಿತು. ಆಮೇಲೆ ಮೈಸೂರಿನ ಚಾಮರಾಜ ಒಡೆಯರು ಊರನ್ನು ಗೆದ್ದುಕೊಂಡರು.

ಆ ಕಾಲದ ಊರಿನ ಅಂದಾಜು ಈಗಲೂ ಸಿಗುತ್ತದೆ. ಒಂದು ಕಡೆ ಕೋಟೆ, ಇನ್ನೊಂದು ಕಡೆ ಪೇಟೆ. ಕೋಟೆ ಅಂದ ತಕ್ಷಣ ಚಿತ್ರದುರ್ಗವನ್ನು ನೆನೆಸಿಕೊಂಡು ಬರಬೇಡಿ, ಬೇಜಾರಾಗುತ್ತದೆ. ಕಲ್ಲಿನ ಗೋಡೆಯನ್ನು ಊರು ಎಂದೋ ನುಂಗಿಕೊಂಡಿದೆ. ಕೋಟೆಯೊಳಗೆ ಹಳೆಯ ದೇವಸ್ಥಾನಗಳು, ಇಕ್ಕಟ್ಟಾದ ಬೀದಿಗಳು, ಜಗಲಿಯ ಮೇಲೆ ಕೂತು "ಯಾರ ಮನೆಗೆ ಬಂದಿರಿ?" ಎಂದು ಕೇಳುವ ಹಿರಿಯರು, ಇವಿಷ್ಟು ಸಿಗುತ್ತವೆ. ಕೇಳಿದರೆ ಉತ್ತರ ಕೊಡಿ. ಅಲ್ಲಿಂದಲೇ ಊರಿನ ಅರ್ಧ ಚರಿತ್ರೆ ಪುಕ್ಕಟೆ ಸಿಗುತ್ತದೆ.

ಇನ್ನು ಟಿಪ್ಪುವಿನ ವಿಷಯ. ಪರ್ಷಿಯಾದವರನ್ನು ಕರೆಸಿದ ಕಥೆ ಊರಿನವರ ಬಾಯಲ್ಲಿ ಉಳಿದುಬಂದಿದೆ. ಕೆಲಸ ಮಾಡುವ ಮನೆತನಗಳೇ ಅದನ್ನು ಹೆಮ್ಮೆಯಿಂದ ಹೇಳುತ್ತವೆ. ನಾನು ಅದನ್ನು ಹೇಳಿಕೆ ಎಂದೇ ಇಟ್ಟುಕೊಳ್ಳುತ್ತೇನೆ. ಟಿಪ್ಪುವಿಗೆ ಈ ಊರಿನ ನಂಟು ಇದ್ದದ್ದಂತೂ ಹೌದು. ಅವನ ಗುರುಗಳೆಂದು ಹೆಸರಾದ ಅಖಿಲ್ ಶಾ ಖಾದ್ರಿ ಅವರ ಗೋರಿ ಇಲ್ಲೇ ಇದೆ. ಎಲ್ಲ ಜಾತಿಯವರೂ ಹೋಗಿ ಕೈಮುಗಿಯುತ್ತಾರೆ.

ಆದರೆ ನನಗೆ ಬೊಂಬೆಗಿಂತ ಸೋಜಿಗ ಅನ್ನಿಸುವುದು ತಂತಿಯ ವಿಷಯ. 1800ರಲ್ಲಿ, ಅಂದರೆ ಶ್ರೀರಂಗಪಟ್ಟಣ ಬಿದ್ದ ಮಾರನೇ ವರ್ಷ, ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಈ ದಾರಿಯಲ್ಲಿ ಬಂದ. ಬೆಳೆ, ಕಸುಬು, ತೂಕ, ಅಳತೆ, ಕಂಡದ್ದನ್ನೆಲ್ಲ ಬರೆದುಕೊಳ್ಳುವುದೇ ಅವನ ಕೆಲಸ. ನಮ್ಮೂರಿನಲ್ಲಿ ಅವನು ಗಮನಿಸಿದ್ದು ಉಕ್ಕಿನ ತಂತಿ. ಸಂಗೀತ ವಾದ್ಯಗಳಿಗೆ ಕಟ್ಟುವ ತೆಳುವಾದ ತಂತಿ ಇಲ್ಲಿಂದ ದೂರದೂರಕ್ಕೆ ಹೋಗುತ್ತಿತ್ತು. ಮುಂದೆ ಆ ಶತಮಾನದ ಕೊನೆಗೆ ಬಿ.ಎಲ್. ರೈಸ್ ಬರೆದ ಗೆಜೆಟಿಯರಿನಲ್ಲೂ ಅರಗಿನ ಸಾಮಾನು, ಬೊಂಬೆ, ವಾದ್ಯದ ತಂತಿ, ಗಾಜಿನ ಬಳೆ, ನಾಲ್ಕೂ ಒಟ್ಟಿಗೆ ಬರುತ್ತವೆ. ಪೇಟೆಯನ್ನು ಅದರಲ್ಲಿ ಶುಕ್ರವಾರಪೇಟೆ ಎಂದು ಕರೆದಿದ್ದಾರೆ. ತಂತಿ ಹೋಯಿತು, ಬಳೆ ಹೋಯಿತು, ಬೊಂಬೆ ಉಳಿಯಿತು. ಯಾವುದೋ ವೀಣೆಯ ಮೇಲೆ ನಮ್ಮೂರಿನ ತಂತಿ ನುಡಿದಿತ್ತು ಅನ್ನುವುದು ಈಗ ಊರಿನ ಹುಡುಗರಿಗೇ ಗೊತ್ತಿಲ್ಲ. ಸ್ವಾಗತ ಕಮಾನಿನ ಮೇಲೆ ಬೊಂಬೆಯ ಪಕ್ಕ ಒಂದು ವೀಣೆಯನ್ನೂ ಬರೆಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಕೇಳುವವರು ಯಾರು?

ಇಪ್ಪತ್ತನೇ ಶತಮಾನದ ಆರಂಭಕ್ಕೆ ಬಂದರೆ ಬಾವಾ ಮಿಯಾನ್ ಹೆಸರು ಹೇಳಲೇಬೇಕು. ಜಪಾನಿನ ಬೊಂಬೆ ಕೆಲಸದ ಪದ್ಧತಿಗಳನ್ನು ನೋಡಿ ಇಲ್ಲಿಯ ಕೆಲಸವನ್ನು ತಿದ್ದಿದವರು ಅವರು ಎಂದು ಲೇತ್ ಮುಂದೆ ಕೂತವರು ಇಂದಿಗೂ ನೆನೆಯುತ್ತಾರೆ. ಪರ್ಷಿಯಾ ಬಾಯಿಮಾತಿನಲ್ಲಿದ್ದರೆ, ಜಪಾನ್ ಕೆಲಸದಲ್ಲೇ ಕಾಣುತ್ತದೆ. ಒಂದರೊಳಗೊಂದು ಕೂರುವ ಬೊಂಬೆ, ಕತ್ತು ಆಡಿಸುವ ಬೊಂಬೆ, ಇವನ್ನೆಲ್ಲ ನೋಡಿದರೆ ನಿಮಗೇ ತಿಳಿಯುತ್ತದೆ.

*

ಪ್ರಶ್ನೆ: ನನ್ನ ಮಗುವಿಗೆ ಎಂಟು ತಿಂಗಳು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಚನ್ನಪಟ್ಟಣದ ಗಿಲಕಿ ಕೊಡಬಹುದೇ? ಅದರ ಮೇಲೆ ಐಎಸ್‌ಐ ಗುರುತು ಕಾಣಲಿಲ್ಲ. ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸುವುದು ಹೇಗೆ?
(ಹುಬ್ಬಳ್ಳಿಯ ತಾಯಿಯೊಬ್ಬರು)

ಉತ್ತರ: ತಂಗಿ, ಗುರುತಿಸಬೇಕಾದರೆ ಮೊದಲು ಅದು ಹೇಗೆ ತಯಾರಾಗುತ್ತದೆ ಅಂತ ತಿಳಿಯಬೇಕು. ನಿನ್ನನ್ನು ಒಂದು ಕೆಲಸದ ಮನೆಗೆ ಕರೆದುಕೊಂಡು ಹೋಗುತ್ತೇನೆ, ಬಾ.

ಬಾಗಿಲ ಹೊರಗೆ ಆಲೆ ಮರದ ತುಂಡುಗಳು ಒಟ್ಟಿರುತ್ತವೆ. ದಂತದ ಹಾಗೆ ಬಿಳುಪಾದ, ಮೆದುವಾದ ಮರ. ತೊಗಟೆ ತೆಗೆದು ತಿಂಗಳುಗಟ್ಟಲೆ ಒಣಗಿಸಿರುತ್ತಾರೆ. ಹಸಿ ಮರ ಕೆತ್ತಿದರೆ ಆಮೇಲೆ ಬಿರುಕು ಬಿಡುತ್ತದೆ. ಒಳಗೆ ಮೋಟಾರಿನ ಲೇತ್ ತಿರುಗುತ್ತಿರುತ್ತದೆ. ಮೊದಲೆಲ್ಲ ಒಬ್ಬರು ಹಗ್ಗ ಎಳೆಯುತ್ತಿದ್ದರು, ಇನ್ನೊಬ್ಬರು ಉಳಿ ಹಿಡಿಯುತ್ತಿದ್ದರು. ತುಂಡನ್ನು ಲೇತಿನ ಬಾಯಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತಾರೆ. ಉಳಿ ತಾಗಿಸಿದ ತಕ್ಷಣ ಬಿಳಿ ಸಿಪ್ಪೆ ಎಳೆ ಎಳೆಯಾಗಿ ಹಾರಿ ಕೆಲಸದವರ ಮೊಣಕೈವರೆಗೂ ಅಂಟುತ್ತದೆ. ಅಳತೆಗೆ ಪಟ್ಟಿ ಇಲ್ಲ, ಕಣ್ಣೇ ಪಟ್ಟಿ. ನೋಡನೋಡುತ್ತ ಹೊಟ್ಟೆ ಬರುತ್ತದೆ, ಕತ್ತು ಬರುತ್ತದೆ, ತಲೆ ಬರುತ್ತದೆ. ಉಪ್ಪುಕಾಗದ ಒತ್ತಿ ನುಣುಪು ಮಾಡುತ್ತಾರೆ.

ಬಣ್ಣದ ಕೆಲಸ ಆಮೇಲಿನದು. ಬ್ರಷ್ಷೂ ಇಲ್ಲ, ಡಬ್ಬಿಯೂ ಇಲ್ಲ. ಅರಗಿಗೆ ಬಣ್ಣ ಬೆರೆಸಿ ಕಡ್ಡಿ ಮಾಡಿಟ್ಟುಕೊಂಡಿರುತ್ತಾರೆ. ಹಳದಿಗೆ ಅರಿಸಿನ, ನೀಲಿಗೆ ನೀಲಿ ಗಿಡದ ಬಣ್ಣ, ಕಂದಿಗೆ ಕಾಚು. ತಿರುಗುತ್ತಿರುವ ಮರಕ್ಕೆ ಆ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ವಿಮೆ ಮಾಡಿದ ಪಾರ್ಸೆಲ್ಲಿಗೆ ಕೌಂಟರಿನಲ್ಲಿ ಅರಗು ಕರಗಿಸಿ ಮುದ್ರೆ ಒತ್ತುತ್ತಿದ್ದೆವಲ್ಲ, ಅದೇ. ಕೊನೆಯಲ್ಲಿ ಒಣಗಿದ ಗರಿಯೊಂದನ್ನು ಮಡಿಚಿ ಒತ್ತಿ ಹಿಡಿಯುತ್ತಾರೆ. ಅಲ್ಲಿಯವರೆಗೆ ಮಂಕಾಗಿದ್ದ ಬಣ್ಣ ಒಂದೇ ಸುತ್ತಿಗೆ ಥಳಥಳ ಅನ್ನುತ್ತದೆ. ಆಮೇಲೆ ಉಳಿಯ ಮೊನೆ ಇಟ್ಟು ಕತ್ತರಿಸಿದರೆ ಗಿಲಕಿ ಅಂಗೈಗೆ ಬೀಳುತ್ತದೆ, ಇನ್ನೂ ಬೆಚ್ಚಗೆ.

ಈಗ ಗುರುತು ಹೇಳುತ್ತೇನೆ. ಬ್ರಷ್ಷಿನ ಗೆರೆ ಕಂಡರೆ, ಮೂಲೆಯಲ್ಲಿ ಬಣ್ಣ ಮಡುಗಟ್ಟಿದ್ದರೆ, ಅದು ಅರಗಿನ ಕೆಲಸ ಅಲ್ಲ, ಮೇಲೆ ಬಳಿದ ಪೇಂಟು. ಅರಗಿನದು ಮರದ ಸುತ್ತಲೂ ಒಂದೇ ಸಮ ಇರುತ್ತದೆ. ಉಗುರಿನಿಂದ ಕೆರೆದರೆ ಹೊಪ್ಪಳಿಕೆ ಏಳುವುದಿಲ್ಲ. ಮೂಗಿಗೆ ಹಿಡಿದರೆ ಪೇಂಟಿನ ಘಾಟು ಬರಬಾರದು. ಲೇತಿನ ಮೇಲೆ ತಿರುಗಿಸಿ ಮಾಡಿದ್ದಾದ್ದರಿಂದ ಎಲ್ಲ ದುಂಡಗೇ ಇರುತ್ತದೆ. ಚೂಪು ಮೂಲೆ ಇಲ್ಲದಿರುವುದೇ ಎಳೆ ಮಕ್ಕಳಿಗೆ ಕ್ಷೇಮ. ಒಂದು ಮಾತು ಮುಚ್ಚಿಡುವುದಿಲ್ಲ: ಎಲ್ಲರೂ ಗಿಡಮೂಲಿಕೆಯ ಬಣ್ಣವನ್ನೇ ಬಳಸುತ್ತಾರೆ ಎಂದು ನಾನು ಆಣೆ ಮಾಡಲಾರೆ. ಪೇಟೆಯ ರಾಸಾಯನಿಕ ಬಣ್ಣವೂ ಇದೆ. ಮಗು ಬಾಯಿಗೆ ಹಾಕುವ ವಸ್ತುವಾದರೆ "ಮಗುವಿಗೆ, ಗಿಡದ ಬಣ್ಣದ್ದೇ ಕೊಡಿ" ಎಂದು ಬಾಯಿಬಿಟ್ಟು ಕೇಳು. ಅರಿಸಿನದ ಹಳದಿ ಕಣ್ಣಿಗೆ ಹೊಡೆಯುವಷ್ಟು ಗಾಢವಾಗಿರುವುದಿಲ್ಲ. ಗಿಲಕಿಯ ಒಳಗಿನ ಕಾಳು ಹೊರಬರುವ ಸಂದು ಇದೆಯೇ ಅಂತಲೂ ನೋಡು.

ಐಎಸ್‌ಐ ವಿಷಯ: 2021ರ ಜನವರಿಯಿಂದ ದೇಶದಲ್ಲಿ ಆಟಿಕೆಗಳಿಗೆ ಆ ಗುರುತು ಕಡ್ಡಾಯ. ಆದರೆ ನೋಂದಾಯಿತ ಕರಕುಶಲಕರ್ಮಿಗಳು ಮಾಡಿದ್ದಕ್ಕೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ವಿನಾಯಿತಿ ಇದೆ. ಚನ್ನಪಟ್ಟಣದ ಬೊಂಬೆಗೆ ಆ ಭೌಗೋಳಿಕ ಗುರುತು, ಅಂದರೆ ಜಿಐ, 2005-06ರಲ್ಲೇ ಸಿಕ್ಕಿದೆ. ಹಾಗಾಗಿ ಐಎಸ್‌ಐ ಇಲ್ಲವೆಂದು ಗಾಬರಿಯಾಗಬೇಡ. ಸರ್ಕಾರದ ಕರಕುಶಲ ಅಂಗಡಿಯಾದ ಕಾವೇರಿ ಮಳಿಗೆಯಲ್ಲಿ ಕೊಂಡರೆ ಚಿಂತೆ ಇನ್ನೂ ಕಡಿಮೆ.

ಮನೆಗೆ ತಂದ ಮೇಲೆ ಬಿಸಿನೀರಿನಲ್ಲಿ ನೆನೆಹಾಕಬೇಡ. ಸ್ಯಾನಿಟೈಜರ್ ಅಂತೂ ಬೇಡವೇ ಬೇಡ, ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

*

ಪ್ರಶ್ನೆ: ಒಂದು ಮರದ ರೈಲಿಗೆ ಅಂಗಡಿಯವ ಹೇಳಿದ ಬೆಲೆಯ ಅರ್ಧಕ್ಕೆ ಅದೇ ಥರದ್ದು ಆನ್‌ಲೈನಿನಲ್ಲಿ ಸಿಗುತ್ತದೆ. ಇದು ಸುಲಿಗೆ ಅಲ್ವಾ?
(ಬೆಂಗಳೂರಿನ ಓದುಗರು)

ಉತ್ತರ: ಚೌಕಾಸಿ ಮಾಡಿ, ಅದು ನಿಮ್ಮ ಹಕ್ಕು. ಆದರೆ "ಅದೇ ಥರದ್ದು" ಎಂದಿರಲ್ಲ, ಅಲ್ಲಿದೆ ವಿಷಯ. ಯಂತ್ರದಲ್ಲಿ ಸಾವಿರಗಟ್ಟಲೆ ಅಚ್ಚು ಹಾಕಿ ಸ್ಪ್ರೇ ಹೊಡೆದ ರೈಲೂ ಫೋಟೋದಲ್ಲಿ ಹೀಗೇ ಕಾಣುತ್ತದೆ. ಹಳೇ ರಸ್ತೆಯ ಅಂಗಡಿಗಳಲ್ಲೂ ಹೊರಗಿಂದ ಬಂದ ಪ್ಲಾಸ್ಟಿಕ್ಕು, ಬೇರೆ ಊರಿನ ಮಾಲು ಬೆರೆತಿರುತ್ತದೆ, ಇಲ್ಲ ಅನ್ನುವುದಿಲ್ಲ. ಅಂಗಡಿಯವರಿಗೂ ಸಂಸಾರ ನಡೆಯಬೇಕು. ಒಂದು ಉಪಾಯ ಹೇಳುತ್ತೇನೆ. ಅಂಗಡಿಯಲ್ಲಿ ನಿಂತು ರೇಗುವ ಬದಲು ಹಿಂದಿನ ಬೀದಿಗೆ ಹೋಗಿ. ಲೇತಿನ ಸದ್ದು ಬಂದ ಕಡೆ ಬಾಗಿಲಲ್ಲಿ ನಿಂತು "ನೋಡಬಹುದಾ?" ಎಂದು ಕೇಳಿ. ಹೆಚ್ಚಿನವರು ಬೇಡ ಅನ್ನುವುದಿಲ್ಲ. ನಿಮ್ಮ ರೈಲಿನ ಒಂದೇ ಒಂದು ಚಕ್ರ ಆಗುವವರೆಗೆ ನಿಂತುಕೊಂಡಿರಿ. ಆಮೇಲೂ ಬೆಲೆ ಜಾಸ್ತಿ ಅನ್ನಿಸಿದರೆ ನನಗೆ ಇನ್ನೊಂದು ಪತ್ರ ಬರೆಯಿರಿ.

*

ಪ್ರಶ್ನೆ: ಪುರಂದರದಾಸರು 'ಜಗದೋದ್ಧಾರನ' ಹಾಡಿದ್ದು ನಿಮ್ಮೂರಿನ ಹತ್ತಿರದ ಕೃಷ್ಣನನ್ನು ನೋಡಿ ಎನ್ನುತ್ತಾರೆ. ಮಗಳಿಗೆ ಮದುವೆಯಾಗಿ ಬಹಳ ವರ್ಷವಾಯಿತು, ಇನ್ನೂ ಮಕ್ಕಳಾಗಿಲ್ಲ. ಅಲ್ಲಿ ತೊಟ್ಟಿಲು ಹರಕೆ ಇದೆಯಂತೆ. ವಿವರ ತಿಳಿಸುವಿರಾ?
(ಉಡುಪಿಯ ಓದುಗರು)

ಉತ್ತರ: ದೊಡ್ಡಮಳೂರು ನಮ್ಮೂರಿನಿಂದ ಮೈಸೂರು ಕಡೆಗೆ ಮೂರು ಕಿಲೋಮೀಟರ್. ಆಟೋದವರಿಗೆ "ಮಳೂರು" ಅಂದರೆ ಸಾಕು. ದೇವಸ್ಥಾನ ಮೂಲದಲ್ಲಿ ಅಪ್ರಮೇಯ ಸ್ವಾಮಿಯದು. ರಾಮನೇ ಇಲ್ಲಿ ಬಂದು ಪೂಜೆ ಮಾಡಿದ ಎಂಬ ನಂಬಿಕೆಯಿಂದ ರಾಮಾಪ್ರಮೇಯ ಎಂದೂ ಕರೆಯುತ್ತಾರೆ. ಚೋಳರ ಕಾಲದ ದೇವಸ್ಥಾನ. ಅಮ್ಮನವರು ಅರವಿಂದವಲ್ಲಿ. ಆದರೆ ಜನ ಸಾಲು ನಿಲ್ಲುವುದು ಪ್ರಾಕಾರದಲ್ಲಿರುವ ಸಣ್ಣ ಗುಡಿಯ ಮುಂದೆ. ಅಲ್ಲಿರುವವನು ಅಂಬೆಗಾಲು ಕೃಷ್ಣ. ಒಂದು ಕೈ ನೆಲಕ್ಕೆ ಊರಿ, ಇನ್ನೊಂದರಲ್ಲಿ ಬೆಣ್ಣೆ ಹಿಡಿದು ತೆವಳುವ ಮಗು. ಕೃಷ್ಣ ಕೊಳಲು ಹಿಡಿದು ನಿಂತದ್ದನ್ನೇ ನೋಡಿದವರಿಗೆ ಇದು ಹೊಸದಾಗಿ ಕಾಣುತ್ತದೆ. ಮುಖ ಸ್ವಲ್ಪ ಮೇಲಕ್ಕೆತ್ತಿ "ಎತ್ತಿಕೋ" ಅನ್ನುವ ಹಾಗೆ ಇದ್ದಾನೆ.

ದಾಸರು ಇವನನ್ನು ನೋಡಿಯೇ ಆ ಪದ ಹಾಡಿದರು ಎಂಬುದು ಪರಂಪರೆಯ ಮಾತು. ಅದಕ್ಕೆ ಹತ್ತಿರದ ಇನ್ನೊಂದು ನಂಟು ಹೇಳುತ್ತೇನೆ, ಉಡುಪಿಯವರಾದ ನಿಮಗೆ ಇಷ್ಟವಾಗುತ್ತದೆ. ಚನ್ನಪಟ್ಟಣದ ಪಕ್ಕದಲ್ಲೇ ಅಬ್ಬೂರು ಇದೆ. ಮಾಧ್ವ ಯತಿಗಳಾದ ಶ್ರೀಪಾದರಾಜರು ಹುಟ್ಟಿದ ಊರು. ಬ್ರಹ್ಮಣ್ಯತೀರ್ಥರ ಬೃಂದಾವನ ಇರುವುದೂ ಅಲ್ಲೇ, ಕಣ್ವ ನದಿಯ ದಡದಲ್ಲಿ. ಬ್ರಹ್ಮಣ್ಯತೀರ್ಥರ ಶಿಷ್ಯರು ವ್ಯಾಸರಾಯರು, ವ್ಯಾಸರಾಯರ ಶಿಷ್ಯರು ಪುರಂದರದಾಸರು. ಪರಮಗುರುಗಳ ಬೃಂದಾವನಕ್ಕೆ ಬಂದ ದಾಸರು ಮಳೂರಿಗೂ ಹೋದರು ಎಂದರೆ ನಂಬುವುದು ಕಷ್ಟವೇನಲ್ಲ. ಬರುವವರೆಲ್ಲ ಮಳೂರು ನೋಡಿ ಹಿಂತಿರುಗುತ್ತಾರೆ, ಅಬ್ಬೂರಿಗೆ ಹೋಗುವವರು ಕಡಿಮೆ. ನೀವು ಎರಡಕ್ಕೂ ಹೋಗಿ.

ತೊಟ್ಟಿಲು ಹರಕೆ ಇದೆ. ಗುಡಿಯ ಹತ್ತಿರ ಕಟ್ಟಿರುವ ಪುಟ್ಟ ಪುಟ್ಟ ಮರದ ತೊಟ್ಟಿಲುಗಳನ್ನು ನೋಡಿದರೆ ನಿಮಗೇ ಅಂದಾಜಾಗುತ್ತದೆ. ಬೆಣ್ಣೆ ನೈವೇದ್ಯವೂ ವಾಡಿಕೆ. ಕ್ರಮವನ್ನು ಅರ್ಚಕರನ್ನೇ ಕೇಳಿ, ಹೇಳಿಕೊಡುತ್ತಾರೆ. ಮಗು ಆದವರು ಮಗುವನ್ನೇ ಕರೆತಂದು ತೋರಿಸಿಕೊಂಡು ಹೋಗುತ್ತಾರೆ.

ಇನ್ನೊಂದು ಮಾತು, ಹಿರಿಯಳಾಗಿ. ಹರಕೆ ಹೊರಿ, ಡಾಕ್ಟರ ಹತ್ತಿರವೂ ತೋರಿಸಿ. ಹೋಗುವುದಾದರೆ ಮಗಳೂ ಅಳಿಯಂದಿರೂ ಜೊತೆಗೆ ಹೋಗಲಿ. ಗುಡಿಯ ಮುಂದೆ ಮಗಳೊಬ್ಬಳನ್ನೇ ನಿಲ್ಲಿಸಿ ನೆಂಟರೆಲ್ಲ ಹಿಂದೆ ನಿಟ್ಟುಸಿರು ಬಿಡುವುದು ಬೇಡ.

*

ಪ್ರಶ್ನೆ: ಈಗ ಚನ್ನಪಟ್ಟಣ ಯಾವ ಜಿಲ್ಲೆ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
(ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಎಲ್ಲರೂ ನಿಜವನ್ನೇ ಹೇಳುತ್ತಿದ್ದಾರಪ್ಪ! ಮೊದಲು ಬೆಂಗಳೂರು ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ. 2007ರಲ್ಲಿ ರಾಮನಗರ ಜಿಲ್ಲೆ. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು. ನಾವು ಇದ್ದಲ್ಲೇ ಇದ್ದೇವೆ, ವಿಳಾಸದ ಕೊನೇ ಸಾಲು ಮಾತ್ರ ಓಡಾಡುತ್ತಿದೆ. ಹಳೆಯ ಜಿಲ್ಲೆ ಬರೆದ ಕಾಗದವೂ ಸರಿಯಾಗಿ ಬಂದು ಸೇರುತ್ತದೆ. ಪಿನ್‌ಕೋಡ್ ತಪ್ಪದಿದ್ದರೆ ಸಾಕು.

*

ಪ್ರಶ್ನೆ: 'ಶೋಲೆ' ಚಿತ್ರೀಕರಣ ನಡೆದ ಬಂಡೆ ನಿಮ್ಮೂರಿನಲ್ಲಿದೆಯೇ?
(ಕಲಬುರಗಿಯ ಓದುಗರು)

ಉತ್ತರ: ಇಲ್ಲ, ಅದು ರಾಮನಗರದ ರಾಮದೇವರ ಬೆಟ್ಟ. ಸಿನಿಮಾ ಬಂದಿದ್ದು 1975ರಲ್ಲಿ, ಗಬ್ಬರ್‌ನನ್ನು ಕೇಳಿಕೊಂಡು ಜನ ಇನ್ನೂ ಬರುತ್ತಾರೆ. ಅಲ್ಲಿ ಈಗ ಹುಡುಕಬೇಕಾದ್ದು ಬೇರೆಯವರನ್ನು. ಉದ್ದ ಕೊಕ್ಕಿನ ರಣಹದ್ದುಗಳು ಆ ಬಂಡೆಗಳ ಸಂದಿನಲ್ಲಿ ಗೂಡು ಕಟ್ಟುತ್ತವೆ. ಅವುಗಳಿಗಾಗಿಯೇ 2012ರಲ್ಲಿ ಬೆಟ್ಟವನ್ನು ರಣಹದ್ದು ಧಾಮ ಎಂದು ಘೋಷಿಸಿದರು. ಸಂಖ್ಯೆ ಬಹಳ ಕಡಿಮೆ. ಕಂಡರೆ ನಿಮ್ಮ ಅದೃಷ್ಟ. ದಯವಿಟ್ಟು ಡೈಲಾಗ್ ಕೂಗಬೇಡಿ.

*

ಪ್ರಶ್ನೆ: ನಾನು ವಿನ್ಯಾಸದ ವಿದ್ಯಾರ್ಥಿನಿ. ಲೇತ್ ಕೆಲಸ ಕಲಿಯುವ ಆಸೆ. ಅದು ಗಂಡಸರ ಕೆಲಸ, ಹುಡುಗಿಯರಿಗೆ ಕಲಿಸುವುದಿಲ್ಲ ಎನ್ನುತ್ತಾರೆ. ಈ ಕಸುಬಿಗೆ ಮುಂದೆ ಭವಿಷ್ಯ ಇದೆಯೇ?
(ಬೆಂಗಳೂರಿನ ಓದುಗರು)

ಉತ್ತರ: ಹಾಗಿತ್ತು. ನಾನು ಬಂದ ಕಾಲಕ್ಕೆ ಹೆಂಗಸರ ಪಾಲಿಗೆ ಇದ್ದದ್ದು ಉಪ್ಪುಕಾಗದ ಉಜ್ಜುವುದು, ಕಣ್ಣು-ಮೂಗು ಬರೆಯುವುದು, ಡಬ್ಬಿ ತುಂಬುವುದು. ಲೇತಿನ ಮುಂದೆ ಗಂಡಸರೇ. ಆಮೇಲೆ ತರಬೇತಿಗಳು ಬಂದವು. ಸರ್ಕಾರದ ಕರಕುಶಲ ಅಭಿವೃದ್ಧಿ ನಿಗಮ ನೆದರ್ಲೆಂಡ್ಸ್ ನೆರವಿನಿಂದ ಇಲ್ಲಿ ಕರಕುಶಲ ಸಂಕೀರ್ಣ ಕಟ್ಟಿತು. ಹೆಂಗಸರೂ ಉಳಿ ಹಿಡಿದರು. ಈಗ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂದಲು ಬಿಗಿಯಾಗಿ ಕಟ್ಟಿ ಲೇತ್ ಮುಂದೆ ಕೂತವರನ್ನು ನೀನೇ ನೋಡಬಹುದು. ನೀನೂ ದುಪಟ್ಟಾ, ಬಳೆ ತೆಗೆದಿಟ್ಟು ಬಾ. ತಿರುಗುವ ಲೇತ್ ಯಾರ ಮುಲಾಜೂ ನೋಡುವುದಿಲ್ಲ.

ಭವಿಷ್ಯದ ಬಗ್ಗೆ ಊರಿನಲ್ಲಿ ಎರಡು ಮಾತಿದೆ. ಮನೆತನದ ಹುಡುಗರಲ್ಲಿ ಎಷ್ಟೋ ಜನ ಬಿಡದಿ ಕಡೆಯ ಕಾರ್ಖಾನೆಗಳಿಗೆ, ಬೆಂಗಳೂರಿಗೆ ಹೋಗಿಬಿಟ್ಟರು. ತಿಂಗಳ ಸಂಬಳ, ಮೂಗಿಗೆ ಮರದ ಧೂಳಿಲ್ಲ. ಅವರನ್ನು ದೂರುವುದು ಹೇಗೆ? ಇನ್ನೊಂದು ಕಡೆ ನಿನ್ನಂಥವರು ಹೊಸ ನಮೂನೆ ತರುತ್ತಿದ್ದಾರೆ. ದೀಪದ ಕಂಬ, ಮಣಿ ಸರ, ಕಿವಿಯ ಲೋಲಕ, ಕಪ್ಪು-ತಟ್ಟೆಯ ಸ್ಟ್ಯಾಂಡು. 2015ರ ಗಣರಾಜ್ಯೋತ್ಸವಕ್ಕೆ ದೆಹಲಿಯಲ್ಲಿ ಕರ್ನಾಟಕದ ಸ್ತಬ್ಧಚಿತ್ರ ಅಂದರೆ ನಮ್ಮ ಬೊಂಬೆಗಳೇ. 2020ರಲ್ಲಿ ಪ್ರಧಾನಿ ಆಕಾಶವಾಣಿಯ ಮಾತಿನಲ್ಲಿ ಊರಿನ ಹೆಸರು ಎತ್ತಿದರು. ಅಂಥ ಹೊತ್ತಿನಲ್ಲಿ ನಾಲ್ಕು ದಿನ ಗಿರಾಕಿ ಬರುತ್ತಾರೆ. ಐದನೇ ದಿನಕ್ಕೆ ಬೇಕಾದದ್ದು ತಪ್ಪದೆ ಬರುವ ಆರ್ಡರು. ನೀನು ಬರುವಾಗ ಕಾಗದದ ಮೇಲೆ ಬರೆದ ಚಂದದ ಚಿತ್ರದ ಜೊತೆಗೆ ಕೊಳ್ಳುವವರನ್ನೂ ಹುಡುಕಿಕೊಂಡು ಬಾ. ಕೆಲಸ ಕಲಿಸುವವರು ಕಾಫಿ ಕೊಟ್ಟು ಕಲಿಸುತ್ತಾರೆ.

*

ಪ್ರಶ್ನೆ: ನಮಗೆ ಕಾರಿಲ್ಲ, ಅಮ್ಮನಿಗೆ ಮಂಡಿ ನೋವು. ರೈಲಿನಲ್ಲಿ ಬಂದರೆ ಆಗುತ್ತದೆಯೇ? ಊಟಕ್ಕೆ ಏನು ಮಾಡುವುದು?
(ಬೆಂಗಳೂರು, ಮಲ್ಲೇಶ್ವರದ ಓದುಗರು)

ಉತ್ತರ: ರೈಲೇ ಸುಖ. ಬೆಂಗಳೂರು-ಮೈಸೂರು ಮಾರ್ಗದ ಮೆಮು, ಪ್ಯಾಸೆಂಜರ್ ಹಿಡಿಯಿರಿ. ಶತಾಬ್ದಿ, ವಂದೇ ಭಾರತ್ ನಮ್ಮೂರನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಬಿಡದಿ ದಾಟಿದ ಮೇಲೆ ಎಡಬಲ ಬಂಡೆ ಬೆಟ್ಟ, ರೇಷ್ಮೆಗೆ ಬೆಳೆದ ಹಿಪ್ಪುನೇರಳೆ, ಮಾವಿನ ತೋಪು, ತೆಂಗು. ಹೊಸ ಹೆದ್ದಾರಿಯಲ್ಲಿ ಇವೊಂದೂ ಕಾಣುವುದಿಲ್ಲ. ನಿಲ್ದಾಣದಿಂದ ಆಟೋ ಮಾಡಿಕೊಂಡು ಮಳೂರಿಗೆ ಹೋಗಿ, ಅದೇ ಆಟೋದಲ್ಲಿ ಊರೊಳಗೆ ಬನ್ನಿ. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಊಟಕ್ಕೆ ಮುದ್ದೆ, ಸೊಪ್ಪಿನ ಸಾರು ಸಿಗುವ ಮೆಸ್ಸುಗಳಿವೆ. ಮದ್ದೂರು ವಡೆಗೆ ಮಾತ್ರ ಇಲ್ಲಿ ಆಸೆಪಡಬೇಡಿ, ಅದಕ್ಕೆ ಮುಂದಿನ ತಾಲ್ಲೂಕಿಗೇ ಹೋಗಬೇಕು. ಕ್ಯಾನ್ವಾಸ್ ಚೀಲ ಒಂದು ಜಾಸ್ತಿ ಇಟ್ಟುಕೊಳ್ಳಿ. ಏನೂ ಕೊಳ್ಳುವುದಿಲ್ಲ ಎಂದು ಬಂದವರೇ ಹೆಚ್ಚು ಹೊತ್ತುಕೊಂಡು ಹೋಗುವುದು.

*

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ, ಬಾಣಂತಿ. ಮೊಮ್ಮಗನಿಗೆ ಚನ್ನಪಟ್ಟಣದ ತೊಟ್ಟಿಲೇ ಆಗಬೇಕು ಎಂದು ನನ್ನವರ ಹಠ. ಕಳಿಸಬಹುದೇ?
(ತುಮಕೂರಿನ ಅಜ್ಜಿ)

ಉತ್ತರ: ನನ್ನ ಕೌಂಟರಿನ ಪ್ರಶ್ನೆ ಕೊನೆಗೂ ಬಂತು! ಮಗು ಮಲಗುವಷ್ಟು ದೊಡ್ಡ ತೊಟ್ಟಿಲು ಕಳಿಸುವ ಖರ್ಚು ಕೇಳಿದರೆ ನಿಮ್ಮ ಯಜಮಾನರ ಹಠ ತಾನೇ ಇಳಿಯುತ್ತದೆ. ಅಂಗೈ ಅಗಲದ ಆಟದ ತೊಟ್ಟಿಲು ಕಳಿಸಿ. ಜೊತೆಗೆ ಎರಡು ಗಿಲಕಿ, ಒಂದು ಬುಗುರಿ. ಬುಗುರಿ ಆಡುವ ವಯಸ್ಸಿಗೆ ಬರುವವರೆಗೆ ಅವನ ಅಪ್ಪ ಆಡಿಕೊಂಡಿರಲಿ.

ಕಟ್ಟುವುದು ಹೀಗೆ. ಒಂದೊಂದನ್ನೂ ಹತ್ತಿ ಬಟ್ಟೆಯಲ್ಲಿ ಬೇರೆ ಬೇರೆ ಸುತ್ತಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಬಿಸಿಲಲ್ಲಿಟ್ಟರೆ ಅರಗು ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ. ನಿಲ್ಲಿಸಿದ ಕಾರಿನೊಳಗೂ ಬಿಡಬೇಡಿ. ಬುಗುರಿಯ ಮೊಳೆಯ ತುದಿಗೆ ರಟ್ಟು ಸುತ್ತಿ. ಡಬ್ಬಿಯನ್ನು ಅಲ್ಲಾಡಿಸಿದರೆ ಒಳಗಿನಿಂದ ಸದ್ದು ಬರಬಾರದು. ಗಿಲಕಿಯನ್ನು ಡಬ್ಬಿಯ ನಡುವೆ ಅಲುಗದ ಹಾಗೆ ಇಡಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಒಬ್ಬೊಬ್ಬರೂ ಕಿವಿಗೆ ಹಿಡಿದು ನೋಡುತ್ತಾರೆ. ಕಸ್ಟಮ್ಸ್ ಚೀಟಿಯಲ್ಲಿ "ಉಡುಗೊರೆ" ಎಂದಷ್ಟೇ ಬರೆದರೆ ಸಾಲದು. "ಮರದ ಆಟಿಕೆ, ಅರಗಿನ ಬಣ್ಣ" ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆಯಿರಿ, ಬೆಲೆಯನ್ನೂ ಹಾಕಿ. ಅಂಗಡಿಯ ರಸೀದಿಯ ಒಂದು ಪ್ರತಿ ಡಬ್ಬಿಯೊಳಗಿರಲಿ. ಡಬ್ಬಿಗೆ ಟೇಪು ಸುತ್ತುವ ಮೊದಲೇ ಅಂಚೆ ಕಚೇರಿಗೆ ತನ್ನಿ. ಒಳಗೇನಿದೆ ಎಂದು ಕೌಂಟರಿನವರು ಕೇಳಿಯೇ ಕೇಳುತ್ತಾರೆ.